ಅಮಿಸ್ಟಾಡ್ ಸಿನಿಮಾದಲ್ಲಿ ಎಷ್ಟು ನಿಜ, ಎಷ್ಟು ಕಟ್ಟುಕಥೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ 'ಅಮಿಸ್ಟಾಡ್' 1997ರ ಡಿಸೆಂಬರ್‌ನಲ್ಲಿ ಬಂತು. ಮೊದಲ ಸಲ ನೋಡಿದವರು ಇವತ್ತಿಗೂ ಕೇಳುವುದು ಒಂದೇ ಮಾತು: "ಇದೆಲ್ಲ ನಿಜವಾಗ್ಲೂ ನಡೆದಿದ್ದಾ?" ನಡೆದದ್ದು ಹೌದು. ಆದರೆ ತೆರೆಯ ಮೇಲೆ ಕಂಡ ಹಾಗೆಯೇ ನಡೆಯಲಿಲ್ಲ. ಎಲ್ಲೆಲ್ಲಿ ಬದಲಾಯಿಸಿದ್ದಾರೆ, ಯಾಕೆ, ಅದರಿಂದ ಏನು ಕಳೆದುಹೋಯಿತು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ. ಸಿನಿಮಾ ಇನ್ನೂ ನೋಡಿಲ್ಲದವರು ಮೊದಲು ನೋಡಿಬನ್ನಿ. ಕೊನೆ ಏನೆಂದು ಇಲ್ಲಿ ಬಚ್ಚಿಟ್ಟಿಲ್ಲ.

ಇನ್ನೊಂದು ಮಾತು. ಅಮೆರಿಕದ ಅಧ್ಯಕ್ಷನಾಗಿದ್ದವನಿಗೆ 'ಅವರು', ಸರಪಳಿಯಲ್ಲಿದ್ದವನಿಗೆ 'ಅವನು' ಅಂತ ಬರೆದರೆ ಅದೇ ಒಂದು ತೀರ್ಪು ಕೊಟ್ಟ ಹಾಗಾಗುತ್ತದೆ. ಹಾಗಾಗಿ ಇತಿಹಾಸದಲ್ಲಿ ಬರುವ ಎಲ್ಲರಿಗೂ ಏಕವಚನವನ್ನೇ ಬಳಸಿದ್ದೇನೆ.

ಚುಟುಕಾಗಿ ಹೇಳಿ, ನಿಜವಾಗಿ ನಡೆದದ್ದೇನು?

1839ರ ಶುರುವಿನಲ್ಲಿ, ಇಂದಿನ ಸಿಯೆರಾ ಲಿಯೋನ್ ಭಾಗದಲ್ಲಿ ನೂರಾರು ಜನರನ್ನು ಹಿಡಿದು ಲೊಂಬೊಕೊ ಎಂಬ ಜಾಗದಿಂದ 'ಟೆಕೋರಾ' ಹಡಗಿನಲ್ಲಿ, ಆಗ ಸ್ಪೇನಿನ ವಸಾಹತಾಗಿದ್ದ ಕ್ಯೂಬಾದ ಹವಾನಾಕ್ಕೆ ಸಾಗಿಸಿದರು. ಅಲ್ಲಿ ಹೋಸೆ ರೂಯಿಸ್ ಎಂಬವನು 49 ಗಂಡಸರನ್ನೂ, ಪೆದ್ರೊ ಮೋಂತೆಸ್ ಎಂಬವನು ನಾಲ್ಕು ಮಕ್ಕಳನ್ನೂ ಕೊಂಡರು. ಒಟ್ಟು 53 ಜನ. ಬಹುಪಾಲು ಮೆಂಡೆ ಭಾಷೆಯವರು. ಜೂನ್ 28ರಂದು 'ಲಾ ಅಮಿಸ್ಟಾಡ್' ಎಂಬ ಸಣ್ಣ ಹಡಗು ಇವರನ್ನು ಹೇರಿಕೊಂಡು ಕ್ಯೂಬಾದ್ದೇ ಇನ್ನೊಂದು ಊರಿಗೆ ಹೊರಟಿತು. ಮೂರು ನಾಲ್ಕು ದಿನದಲ್ಲಿ, ಸೆರೆಯಾಳುಗಳಲ್ಲೊಬ್ಬನಾದ ಸಿಂಕೇಯ ಮುಂದಾಳತ್ವದಲ್ಲಿ ದಂಗೆಯಾಯಿತು. ಕಪ್ತಾನನೂ ಅಡುಗೆಯವನೂ ಸತ್ತರು. ಎರಡು ತಿಂಗಳು ಹಡಗು ಎಲ್ಲೆಲ್ಲೋ ಅಲೆದು, ಆಗಸ್ಟ್ 26ರಂದು ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್ ತೀರದಲ್ಲಿ ಅಮೆರಿಕದ ನೌಕಾಪಡೆಯ ಕೈಗೆ ಸಿಕ್ಕಿತು. ಆಮೇಲೆ ಹದಿನೆಂಟು ತಿಂಗಳು ಕೋರ್ಟು, ಜೈಲು. 1841ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಊರು ಮುಟ್ಟಿದವರು 35 ಜನ.

ಈ ಚೌಕಟ್ಟನ್ನು ಸಿನಿಮಾ ಮುಟ್ಟಿಲ್ಲ. ಒಳಗಿನ ಸಾಮಾನುಗಳನ್ನು ಮಾತ್ರ ಜಾಗ ಬದಲಿಸಿದೆ.

ಅಮಿಸ್ಟಾಡ್ ಅಂದರೆ ಗುಲಾಮರ ಹಡಗು ಅಲ್ವಾ?

ಅಲ್ಲ. ಈ ತಪ್ಪು ಎಲ್ಲರೂ ಮಾಡುತ್ತಾರೆ. ಅಟ್ಲಾಂಟಿಕ್ ದಾಟಿದ ಹಡಗು ಟೆಕೋರಾ. ಅಮಿಸ್ಟಾಡ್ ಕ್ಯೂಬಾದ ಕರಾವಳಿಯಲ್ಲಿ ಬಂದರಿನಿಂದ ಬಂದರಿಗೆ ಸರಕು ಸಾಗಿಸುತ್ತಿದ್ದ ಹಾಯಿಹಡಗು. ಮನುಷ್ಯರ ಜೊತೆಗೆ ಬಟ್ಟೆಬರೆ, ಪಾತ್ರೆಪಡಗ, ಕಬ್ಬು ಕಡಿಯುವ ಮಚ್ಚುಗಳೂ ಅದರಲ್ಲಿದ್ದವು. ಆ ಮಚ್ಚುಗಳೇ ಕಪ್ತಾನನಿಗೆ ಮುಳುವಾದವು. ಸ್ಪ್ಯಾನಿಷ್‌ನಲ್ಲಿ 'ಅಮಿಸ್ಟಾಡ್' ಅಂದರೆ ಸ್ನೇಹ. ಈ ವ್ಯಂಗ್ಯವನ್ನು ಯಾರೂ ಕಟ್ಟಿದ್ದಲ್ಲ, ಹಡಗಿನ ಹೆಸರೇ ಅದು.

ಮೊದಲ ದೃಶ್ಯದಲ್ಲಿ ಸಿಂಕೇ ಮೊಳೆ ಕಿತ್ತು ಬೀಗ ತೆಗೆಯುತ್ತಾನೆ. ಅದು ನಿಜವೇ?

ಹೌದು. ಮೊಳೆಯಿಂದ ಬೀಗ ತೆಗೆದದ್ದು ದಾಖಲೆಯಲ್ಲಿದೆ. ಮಚ್ಚು, ಕತ್ತಲು, ಕಪ್ತಾನ ರಮೋನ್ ಫೆರೆರ್‌ನ ಸಾವು ಎಲ್ಲವೂ ಸರಿಯೇ.

ಆದರೆ ದಂಗೆಗೆ ಕಿಡಿ ಹಚ್ಚಿದ್ದು ಅಡುಗೆಯವನ ತಮಾಷೆ. ಸೆಲೆಸ್ಟಿನೊ ಎಂಬ ಆ ಅಡುಗೆಯವನು ಕೈಸನ್ನೆಯಲ್ಲಿ, "ನಿಮ್ಮನ್ನು ಕೊಂದು, ಉಪ್ಪು ಹಚ್ಚಿ ತಿನ್ನುತ್ತಾರೆ" ಅಂತ ಹೆದರಿಸಿದ. ಅವನಿಗೆ ಅದು ಸುಮ್ನೆ ಮೋಜು. ಸಾಗರದ ಆಚೆ ಎಲ್ಲಿಗೆ, ಯಾಕೆ ಒಯ್ಯುತ್ತಿದ್ದಾರೆ ಎಂದೇ ಗೊತ್ತಿಲ್ಲದವರಿಗೆ ಅದು ನಂಬುವಂಥ ಮಾತಾಗಿತ್ತು. ಹೇಗೂ ಸಾಯುವುದಾದರೆ ಹೊಡೆದಾಡಿಯೇ ಸಾಯೋಣ ಅಂತ ಆ ರಾತ್ರಿ ನಿರ್ಧಾರವಾಯಿತು. ಸಿನಿಮಾದ ದಂಗೆ ಸಿಡಿಲು ಮಿಂಚಿನ ನಡುವೆ, ಮಾತಿಲ್ಲದೆ, ಮೃಗಗಳ ಕಾದಾಟದ ಹಾಗೆ ಶುರುವಾಗುತ್ತದೆ. ನಿಜದಲ್ಲಿ ಅದರ ಹಿಂದೆ ಮಾತುಕತೆಯಿತ್ತು, ಲೆಕ್ಕಾಚಾರವಿತ್ತು.

ಆಫ್ರಿಕಕ್ಕೆ ಹೊರಟವರು ನ್ಯೂಯಾರ್ಕಿಗೆ ಹೇಗೆ ಬಂದರು?

ಹಡಗು ನಡೆಸಲು ಮೋಂತೆಸ್‌ನನ್ನು ಜೀವಂತ ಉಳಿಸಿಕೊಂಡಿದ್ದರು. ಸೂರ್ಯ ಹುಟ್ಟುವ ಕಡೆ ನಡೆಸು ಎಂದು ಅಪ್ಪಣೆ. ಅವನು ಹಗಲು ನಿಧಾನವಾಗಿ ಪೂರ್ವಕ್ಕೆ ನಡೆಸಿ, ರಾತ್ರಿ ಉತ್ತರಕ್ಕೆ, ಪಶ್ಚಿಮಕ್ಕೆ ತಿರುಗಿಸುತ್ತಿದ್ದ. ನೀರು ಮುಗಿಯಿತು, ಜನ ಸತ್ತರು. ಕೊನೆಗೆ ಲಾಂಗ್ ಐಲ್ಯಾಂಡಿನಲ್ಲಿ ಇಳಿದು, ಹಡಗಿನಲ್ಲಿದ್ದ ಚಿನ್ನದ ನಾಣ್ಯ ಕೊಟ್ಟು ಸಾಮಾನು ಕೊಂಡರು. ಎರಡು ನಾಯಿಗಳನ್ನೂ ಕೊಂಡರಂತೆ! ದೀಪ ಹಚ್ಚಿಕೊಂಡು ಊಟ ಮಾಡುತ್ತಿರುವ ಶ್ರೀಮಂತರ ಹಡಗೊಂದು ರಾತ್ರಿ ಪಕ್ಕದಲ್ಲೇ ಹಾದುಹೋಗುವ ದೃಶ್ಯ ಮಾತ್ರ ನಿರ್ದೇಶಕನ ಕಲ್ಪನೆ. ಕಲ್ಪನೆಯಾದರೂ ನನಗೆ ಇಷ್ಟವಾದ ದೃಶ್ಯ.

ಜನರನ್ನು ಸರಪಳಿಯಲ್ಲಿ ಪೋಣಿಸಿ, ಕಲ್ಲು ಕಟ್ಟಿ, ಸಮುದ್ರಕ್ಕೆ ಎಸೆಯುತ್ತಾರಲ್ಲ. ಅದು ನಡೆದಿತ್ತೇ?

ಜಾಸ್ತಿ ಜನ ಕೇಳುವುದು ಇದನ್ನೇ. ಟೆಕೋರಾದಲ್ಲಿ ಹಾಗೆ ನಡೆದದ್ದಕ್ಕೆ ಕೋರ್ಟಿನ ಸಾಕ್ಷ್ಯದಲ್ಲಿ ಆಧಾರವಿಲ್ಲ. ಬದುಕಿ ಬಂದವರು ಅಲ್ಲಿ ಹೇಳಿದ್ದು ಬೇರೆ: ಇಬ್ಬಿಬ್ಬರನ್ನು ಕೈಕಾಲು ಸೇರಿಸಿ ಕಟ್ಟಿದ್ದರು, ನೆಟ್ಟಗೆ ನಿಲ್ಲಲೂ ಆಗದಷ್ಟು ತಗ್ಗು ಜಾಗದಲ್ಲಿ ತುಂಬಿದ್ದರು, ಅನ್ನ ಪೂರ್ತಿ ತಿನ್ನದಿದ್ದರೆ ಚಾಟಿಯೇಟು, ದಾರಿಯಲ್ಲಿ ತುಂಬಾ ಜನ ಸತ್ತರು.

ಹಾಗಂತ ಆ ದೃಶ್ಯ ಸುಳ್ಳೆಂದು ತಳ್ಳಿಹಾಕುವ ಹಾಗಿಲ್ಲ. ಬೇರೆ ಹಡಗುಗಳಲ್ಲಿ ಅಂಥದ್ದು ನಡೆದಿದೆ. 1781ರಲ್ಲಿ 'ಜೋಂಗ್' ಎಂಬ ಬ್ರಿಟಿಷ್ ಹಡಗಿನವರು 130ಕ್ಕೂ ಹೆಚ್ಚು ಜನರನ್ನು ಜೀವಂತ ಕಡಲಿಗೆ ಎಸೆದರು. ನೀರು ಸಾಲುವುದಿಲ್ಲ ಎಂಬ ನೆಪ. ಆಮೇಲೆ ವಿಮೆ ಕಂಪನಿಯಿಂದ ಸತ್ತವರ ಬೆಲೆ ಕೇಳಿದರು! ಆ ದಾವೆ ಲಂಡನ್ನಿನ ಕೋರ್ಟಿನಲ್ಲಿ ನಡೆದದ್ದು ಕೊಲೆ ಮೊಕದ್ದಮೆಯಾಗಿ ಅಲ್ಲ, ವಿಮೆ ತಕರಾರಾಗಿ. ಮುಂದೆ ವ್ಯಾಪಾರ ಕಾನೂನುಬಾಹಿರವಾದ ಮೇಲೆ ಇನ್ನೊಂದು ಕಾರಣ ಸೇರಿತು. ಗಸ್ತು ಹಡಗು ಬೆನ್ನಟ್ಟಿದರೆ ಸಾಕ್ಷಿ ಉಳಿಯಬಾರದು ನೋಡಿ. 1831ರಲ್ಲಿ ಬೋನಿ ನದಿಯಲ್ಲಿ ಬ್ರಿಟಿಷರು ಅಟ್ಟಿಸಿಕೊಂಡು ಹೋದಾಗ ಸ್ಪೇನಿನ ಗುಲಾಮಹಡಗಿನವರು ಸಂಕೋಲೆ ಹಾಕಿದ್ದವರನ್ನು ಹಾಗೇ ನೀರಿಗೆ ನೂಕಿದರು.

ಅಂದರೆ ಸಿನಿಮಾ ಒಂದು ಹಡಗಿನ ಮೇಲೆ ನೂರಾರು ಹಡಗುಗಳ ನೆನಪನ್ನು ಹೇರಿದೆ. ಎಲ್ಲ ಬದಲಾವಣೆಗಳಲ್ಲಿ ಇದೊಂದಕ್ಕೆ ನನ್ನ ತಕರಾರಿಲ್ಲ. ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದವರು ಸುಮಾರು 1 ಕೋಟಿ 25 ಲಕ್ಷ. ಆಚೆ ದಡದಲ್ಲಿ ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ನಡುವಿನ 18 ಲಕ್ಷ ಜನ ಎಲ್ಲಿ? ಆ ಸಂಖ್ಯೆಯನ್ನು ತೆರೆಗೆ ತರುವುದು ಹೇಗೆ? ಹತ್ತು ನಿಮಿಷ ಸಂಭಾಷಣೆಯೇ ಇಲ್ಲದೆ ಅದನ್ನು ತೋರಿಸಿದ್ದಾರೆ. ಮಗುವನ್ನು ಎದೆಗೊತ್ತಿಕೊಂಡ ತಾಯಿ ಹಿಂದಕ್ಕೆ ವಾಲಿ ಕಡಲಿಗೆ ಬೀಳುವುದೂ ಅದರಲ್ಲೇ ಬರುತ್ತದೆ. ಜನ ಹಾರಿ ಪ್ರಾಣ ಬಿಡಬಾರದೆಂದು ಗುಲಾಮಹಡಗುಗಳ ಸುತ್ತ ಬಲೆ ಕಟ್ಟುತ್ತಿದ್ದರು ಎಂದರೆ, ಅದು ಎಷ್ಟು ಸಾಮಾನ್ಯವಾಗಿತ್ತೆಂದು ಊಹಿಸಿ.

ಲೊಂಬೊಕೊ ಕೋಟೆ ಈಗಲೂ ಇದೆಯಾ? ಹೋಗಿ ನೋಡಬಹುದಾ?

ಕೋಟೆಯೇ ಇರಲಿಲ್ಲ. ತೆರೆಯ ಮೇಲೆ ಕಾಣುವ ಕಲ್ಲಿನ ಕೋಟೆ ಪೋರ್ಟೊ ರಿಕೊದ ಸಾನ್ ಹ್ವಾನ್‌ನಲ್ಲಿರುವ ಎಲ್ ಮೊರ್ರೊ. ಗಲ್ಲಿನಾಸ್ ನದಿ ಕಡಲು ಸೇರುವಲ್ಲಿ ಪೆದ್ರೊ ಬ್ಲಾಂಕೊ ಎಂಬ ಸ್ಪೇನಿನವನು ನಡೆಸುತ್ತಿದ್ದದ್ದು ಮನುಷ್ಯರ ದೊಡ್ಡಿ. ಗಟ್ಟಿ ಮರದ ಗೂಟ ನೆಟ್ಟು, ಮೇಲೆ ಹುಲ್ಲು ಹೊದಿಸಿದ ಕೊಟ್ಟಿಗೆಗಳು.

ಕೊನೆಯಲ್ಲಿ, ತೀರ್ಪಿನ ನಂತರ, ಬ್ರಿಟಿಷ್ ಕಪ್ತಾನ ಫಿಟ್ಜೆರಾಲ್ಡ್ ಫಿರಂಗಿ ಹೊಡೆದು ಅದನ್ನು ಉಡಾಯಿಸುತ್ತಾನೆ. ನಿಜದಲ್ಲಿ ಅದನ್ನು ಸುಟ್ಟದ್ದು ಜೋಸೆಫ್ ಡೆನ್ಮನ್ ಎಂಬ ಬೇರೊಬ್ಬ ಅಧಿಕಾರಿ. ಅದೂ 1840ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟಿನಲ್ಲಿ ವಾದ ಶುರುವಾಗುವ ಮೂರು ತಿಂಗಳ ಮೊದಲೇ. ಕೋರ್ಟಿನಲ್ಲಿ ಫಿಟ್ಜೆರಾಲ್ಡ್ ಹೇಳುವ ಸಾಕ್ಷ್ಯವೂ ಇನ್ನೊಬ್ಬನದ್ದು. ಹವಾನಾದಲ್ಲಿ ಕೆಲಸ ಮಾಡುತ್ತಿದ್ದ ಐರಿಷ್ ವೈದ್ಯ ರಿಚರ್ಡ್ ಮ್ಯಾಡನ್ ಊರಿಗೆ ಹೋಗುವ ದಾರಿಯಲ್ಲಿ ಅಮೆರಿಕಕ್ಕೆ ಬಂದು, ಕ್ಯೂಬಾದ ಕಳ್ಳದಂಧೆ ಹೇಗೆ ನಡೆಯುತ್ತದೆಂದು ಹೇಳಿಕೆ ಕೊಟ್ಟಿದ್ದ. ಸಮವಸ್ತ್ರದ ಕಪ್ತಾನನ ಮುಂದೆ ಡಾಕ್ಟರು ಸಪ್ಪೆ ಅನ್ನಿಸಿರಬೇಕು.

ಮಾರ್ಗನ್ ಫ್ರೀಮನ್ ಮಾಡಿದ ಪಾತ್ರ ಯಾರದ್ದು?

ಯಾರದ್ದೂ ಅಲ್ಲ. ಥಿಯೊಡರ್ ಜೋಡ್ಸನ್ ಅನ್ನುವವನು ಇರಲೇ ಇಲ್ಲ.

ಕಾಲ್ಪನಿಕ ಪಾತ್ರ ಸೇರಿಸಿದ್ದು ತಪ್ಪೇನಲ್ಲ, ನಮ್ಮ ಐತಿಹಾಸಿಕ ಸಿನಿಮಾಗಳಲ್ಲೂ ಬೇಕಾದಷ್ಟಿವೆ. ಬೇಜಾರು ಎಲ್ಲಿ ಅಂದರೆ, ಆ ಜಾಗದಲ್ಲಿ ನಿಲ್ಲಿಸಬಹುದಾದ ನಿಜವಾದ ಕಪ್ಪು ಹೋರಾಟಗಾರರು ಎಷ್ಟೋ ಮಂದಿ ಇದ್ದರು. ಫಿಲಡೆಲ್ಫಿಯಾದಲ್ಲಿ ಹಡಗಿನ ಹಾಯಿ ಹೊಲಿಸುವ ಕಾರ್ಖಾನೆ ನಡೆಸಿ ಶ್ರೀಮಂತನಾಗಿದ್ದ ಜೇಮ್ಸ್ ಫಾರ್ಟೆನ್ ಇದ್ದ. ಅವನ ಅಳಿಯ ರಾಬರ್ಟ್ ಪರ್ವಿಸ್ ದುಡ್ಡು ಕೊಟ್ಟು ಸಿಂಕೇಯ ತೈಲಚಿತ್ರ ಬರೆಸಿದ. ಬಿಳಿ ಬಟ್ಟೆ ಹೊದ್ದು ಕೈಯಲ್ಲಿ ಕೋಲು ಹಿಡಿದು ನಿಂತ ಆ ಚಿತ್ರ ಇಂದಿಗೂ ನ್ಯೂ ಹೇವನ್‌ನಲ್ಲಿದೆ. ತಾನೇ ಗುಲಾಮಗಿರಿಯಿಂದ ಓಡಿಬಂದು ಪಾದ್ರಿಯಾಗಿದ್ದ ಜೇಮ್ಸ್ ಪೆನ್ನಿಂಗ್ಟನ್ ಹಾರ್ಟ್‌ಫರ್ಡ್‌ನಲ್ಲಿ ಇವರ ಪರ ಸಂಘ ಕಟ್ಟಿದ.

ಫ್ರೀಮನ್ ಥರದ ನಟನನ್ನು ತಂದು ಏನು ಮಾಡಿಸಿದ್ದಾರೆ? ಬಿಳಿಯರು ಮಾತಾಡುವಾಗ ಪಕ್ಕದಲ್ಲಿ ಗಂಭೀರವಾಗಿ ನಿಲ್ಲುವುದು. ಅದಕ್ಕಿಂತ ಕೆಟ್ಟದ್ದು ಸಿನಿಮಾದ ಜೊತೆ ಶಾಲೆಗಳಿಗೆ ಹಂಚಿದ ಕೈಪಿಡಿ. ಅದರಲ್ಲಿ ಜೋಡ್ಸನ್ ಮೂಲಕ ಕಪ್ಪು ಜನರ ಇತಿಹಾಸ ಕಲಿಯಿರಿ ಎಂದು ಮಕ್ಕಳಿಗೆ ಹೇಳಿತ್ತು. ಇತಿಹಾಸಕಾರ ಎರಿಕ್ ಫೋನರ್ ಇದನ್ನು ಕಟುವಾಗಿ ಟೀಕಿಸಿದ. ಸರಿಯಾಗಿಯೇ ಮಾಡಿದ. ಸಿನಿಮಾದಲ್ಲಿ ಕಥೆ ಇರಲಿ, ಪಾಠದಲ್ಲಿ ಯಾಕೆ?

ವಕೀಲ ಬಾಲ್ಡ್‌ವಿನ್ ನಿಜಕ್ಕೂ ಅಷ್ಟು ಎಳಸಾ?

ಇಲ್ಲ. ಮ್ಯಾಥ್ಯೂ ಮೆಕಾನಹೇ ಮಾಡಿದ್ದು ಕೇಸಿಗಾಗಿ ಅಲೆಯುವ, ಆಸ್ತಿ ತಕರಾರು ಬಿಟ್ಟು ಬೇರೇನೂ ಗೊತ್ತಿಲ್ಲದ ಹುಡುಗ ವಕೀಲನ ಪಾತ್ರ. ನಿಜವಾದ ರೋಜರ್ ಶರ್ಮನ್ ಬಾಲ್ಡ್‌ವಿನ್‌ಗೆ ಆಗ 46 ವರ್ಷ. ಊರಿಗೇ ಗೊತ್ತಿದ್ದ ದೊಡ್ಡ ವಕೀಲ. ಅವನ ತಾತ ರೋಜರ್ ಶರ್ಮನ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನಕ್ಕೂ ಸಹಿ ಹಾಕಿದವನು. ಬಾಲ್ಡ್‌ವಿನ್ ಮುಂದೆ ಕನೆಕ್ಟಿಕಟ್ ರಾಜ್ಯದ ಗವರ್ನರ್ ಆದ. ಗುಲಾಮಗಿರಿ ಮೊದಲಿನಿಂದಲೂ ಅವನಿಗೆ ಆಗುತ್ತಿರಲಿಲ್ಲ. ಸಿನಿಮಾಕ್ಕೆ ಬದಲಾಗುವ ನಾಯಕ ಬೇಕಿತ್ತು, ಹಾಗಾಗಿ ಮೊದಲು ಅವನನ್ನು ದಡ್ಡ ಮಾಡಿದರು.

ಟಾಪನ್, "ಇವರು ಸತ್ತರೇ ನಮ್ಮ ಹೋರಾಟಕ್ಕೆ ಒಳ್ಳೆಯದು" ಅಂದಿದ್ದು ನಿಜಾನಾ?

ಅದು ಬರೀ ಅನ್ಯಾಯ. ಲೂಯಿಸ್ ಟಾಪನ್ ನ್ಯೂಯಾರ್ಕಿನ ವ್ಯಾಪಾರಿ. 1834ರಲ್ಲಿ ಗಲಭೆಕೋರರು ಅವನ ಮನೆಗೆ ನುಗ್ಗಿ ಪೀಠೋಪಕರಣ ಬೀದಿಗೆ ಎಸೆದು ಬೆಂಕಿ ಹಚ್ಚಿದ್ದರು. ಆದರೂ ಅವನು ಹಿಂದೆ ಸರಿದಿರಲಿಲ್ಲ. ಅಮಿಸ್ಟಾಡ್ ಸಮಿತಿ ಕಟ್ಟಿದ್ದು, ಚಂದಾ ಎತ್ತಿದ್ದು, ವಕೀಲರನ್ನು ಹಿಡಿದದ್ದು, ತೀರ್ಪಿನ ನಂತರ ಊರಿಗೆ ಕಳಿಸುವವರೆಗೆ ಬೆನ್ನಿಗೆ ನಿಂತದ್ದು ಇವನೇ. ಧರ್ಮಬೋಧನೆಯ ಹುಚ್ಚು ಸ್ವಲ್ಪ ಜಾಸ್ತಿ ಇತ್ತು, ಅದು ಬೇರೆ ಮಾತು.

ಅಧ್ಯಕ್ಷ ವ್ಯಾನ್ ಬ್ಯೂರೆನ್ ನ್ಯಾಯಾಧೀಶನನ್ನೇ ಬದಲಾಯಿಸಿದನೇ?

ಇಲ್ಲ. ಇಲ್ಲಿ ಸಿನಿಮಾ ಒಂದು ಒಳ್ಳೆಯ ಕಥೆಯನ್ನು ಕೈಯಾರೆ ಕಳೆದುಕೊಂಡಿದೆ.

ಸಿನಿಮಾದಲ್ಲಿ ಹಳೆಯ ನ್ಯಾಯಾಧೀಶ ಜಡ್ಸನ್‌ನನ್ನು ತೆಗೆದು ಕಾಗ್ಲಿನ್ ಎಂಬ ತರುಣನನ್ನು ಕೂರಿಸುತ್ತಾರೆ. ಅವನು ಚರ್ಚಿನಲ್ಲಿ ಪ್ರಾರ್ಥಿಸಿ, ಮನಸ್ಸು ಗಟ್ಟಿ ಮಾಡಿಕೊಂಡು, ಕೈದಿಗಳ ಪರ ತೀರ್ಪು ಕೊಡುತ್ತಾನೆ. ಕಾಗ್ಲಿನ್ ಕಲ್ಪನೆ. ತೀರ್ಪು ಕೊಟ್ಟದ್ದು ಆಂಡ್ರ್ಯೂ ಜಡ್ಸನ್ನೇ, 1840ರ ಜನವರಿ 13ರಂದು. (ಜಡ್ಸನ್ ನಿಜ, ಜೋಡ್ಸನ್ ಕಲ್ಪನೆ. ಗೊಂದಲ ಬೇಡ.)

ಈ ಜಡ್ಸನ್ ಯಾರು? 1833ರಲ್ಲಿ ಪ್ರುಡೆನ್ಸ್ ಕ್ರ್ಯಾಂಡಲ್ ಎಂಬ ಶಿಕ್ಷಕಿ ಕನೆಕ್ಟಿಕಟ್ಟಿನ ಕ್ಯಾಂಟರ್ಬರಿಯಲ್ಲಿ ಕಪ್ಪು ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ, ಅದನ್ನು ಮುಚ್ಚಿಸಲು ಊರನ್ನು ಎಬ್ಬಿಸಿದವನು. ಕಪ್ಪು ಜನರು ಬಿಳಿಯರಿಗೆ ಸಮ ಅಂತ ಅವನು ಎಂದೂ ಒಪ್ಪಿದವನಲ್ಲ. ಇವರನ್ನು ಸ್ಪೇನಿನವರಿಗೆ ಒಪ್ಪಿಸಬೇಕೆಂದಿದ್ದ ಸರ್ಕಾರಕ್ಕೆ ಗೆದ್ದೇ ಗೆಲ್ಲುತ್ತೇವೆ ಅಂತ ಎಷ್ಟು ನಂಬಿಕೆ ಇತ್ತೆಂದರೆ, ವ್ಯಾನ್ ಬ್ಯೂರೆನ್ 'ಗ್ರಾಂಪಸ್' ಎಂಬ ನೌಕೆಯನ್ನು ನ್ಯೂ ಹೇವನ್ ಬಂದರಿನಲ್ಲಿ ಸಿದ್ಧವಾಗಿ ನಿಲ್ಲಿಸಿದ್ದ. ತೀರ್ಪು ಬಂದ ಕೂಡಲೇ, ಮೇಲ್ಮನವಿಗೆ ಅವಕಾಶ ಕೊಡದೆ ಎಲ್ಲರನ್ನೂ ಕ್ಯೂಬಾಕ್ಕೆ ಸಾಗಿಸುವ ಉಪಾಯ. ಅಂಥ ಜಡ್ಸನ್ ಸಾಕ್ಷ್ಯ ಎಲ್ಲ ಕೇಳಿ, ಇವರು ಹುಟ್ಟಿನಿಂದ ಸ್ವತಂತ್ರರು ಅಂದುಬಿಟ್ಟ. ಸಿಂಕೇ ಮತ್ತು ಅವನ ಜೊತೆಗಾರ ಗ್ರಾಬೋ ಆಫ್ರಿಕಕ್ಕಾಗಿ ವೃಥಾ ನಿಟ್ಟುಸಿರು ಬಿಡಬೇಕಾಗಿಲ್ಲ ಅಂತಲೂ ಸೇರಿಸಿದ. ಪೂರ್ವಗ್ರಹ ತುಂಬಿದ ಮನುಷ್ಯನೊಬ್ಬನನ್ನು ಸಾಕ್ಷ್ಯ ಕಟ್ಟಿಹಾಕಿತು. ಇದಕ್ಕಿಂತ ಒಳ್ಳೆಯ ದೃಶ್ಯ ಬೇಕಿತ್ತಾ?

ಬಂದರಿನಲ್ಲಿ ಒಂದು, ಎರಡು, ಮೂರು ಎಣಿಸುತ್ತ ದುಭಾಷಿ ಹುಡುಕಿದ್ದು?

ನಿಜ! ಆದರೆ ಎಣಿಸಿದವನು ಯೇಲ್ ಕಾಲೇಜಿನ ಭಾಷಾ ಪ್ರಾಧ್ಯಾಪಕ ಜೋಸಯ ಗಿಬ್ಸ್. ಜೈಲಿಗೆ ಹೋಗಿ ಒಂದು ಬೆರಳು, ಎರಡು ಬೆರಳು ತೋರಿಸಿ ಹತ್ತರವರೆಗೆ ಮೆಂಡೆ ಎಣಿಕೆ ಕಲಿತ. ಆಮೇಲೆ ನ್ಯೂಯಾರ್ಕಿನ ಹಡಗುಕಟ್ಟೆಯಲ್ಲಿ ಕಪ್ಪು ಖಲಾಸಿಗಳು ಕಂಡಲ್ಲೆಲ್ಲ ಗಟ್ಟಿಯಾಗಿ ಎಣಿಸುತ್ತ ನಡೆದ. ಬ್ರಿಟಿಷ್ ಹಡಗು 'ಬಜರ್ಡ್'ನಲ್ಲಿ ಕೆಲಸಕ್ಕಿದ್ದ ಜೇಮ್ಸ್ ಕೋವಿಗೆ ಅದು ಅರ್ಥವಾಯಿತು. ಕೋವಿ ಕೂಡ ಚಿಕ್ಕವನಿದ್ದಾಗ ಅಪಹರಣವಾಗಿ, ಗುಲಾಮಹಡಗಿನಿಂದ ಬಿಡುಗಡೆಯಾದವನು. ಜೈಲಿನೊಳಗೆ ಅವನು ಮೆಂಡೆಯಲ್ಲಿ ಮಾತಾಡಿದಾಗ ಅವರೆಲ್ಲ ಕೂಗಿ ಕುಣಿದರಂತೆ. ಪರದೇಶದಲ್ಲಿ ಬಸ್ಸಿನಲ್ಲಿ ಕೂತಾಗ ಹಿಂದಿನ ಸೀಟಿನಿಂದ ಕನ್ನಡ ಕಿವಿಗೆ ಬಿದ್ದರೇ ನಮಗೆ ಮೈ ಜುಂ ಅನ್ನುತ್ತದೆ. ಇನ್ನು ಕೊರಳಿಗೆ ಕುಣಿಕೆ ಕಾದಿರುವಾಗ ಹೇಗಿದ್ದೀತು!

ಸಿನಿಮಾ ಮೆಂಡೆ ಭಾಷೆಯನ್ನು ಗೌರವದಿಂದ ಬಳಸಿದೆ. ಸಿಂಕೇ ಪಾತ್ರದ ಜೈಮನ್ ಹೌನ್ಸು ಬೆನಿನ್ ದೇಶದವನು, ಮೆಂಡೆ ಅವನಿಗೆ ಬೇರೆ ಭಾಷೆ, ಕಲಿತು ನುಡಿದ. ಅಂದಹಾಗೆ ಸಿಂಕೇಯ ನಿಜವಾದ ಹೆಸರು ಸೆಂಗ್ಬೆ ಪಿಯೆ.

ಕೋರ್ಟಿನಲ್ಲಿ ಸಿಂಕೇ ಎದ್ದು ನಿಂತು ಬಿಡುಗಡೆ ಕೇಳಿ ಕೂಗಿದ್ದು?

ದಾಖಲೆಯಲ್ಲಿ ಇಲ್ಲ. ಅವನು ನಿಜವಾಗಿ ಮಾಡಿದ್ದು ಇನ್ನೂ ಪರಿಣಾಮಕಾರಿ. ಕೋವಿಯ ಮೂಲಕ ಸಾಕ್ಷ್ಯ ಹೇಳುತ್ತ, ಕೋರ್ಟಿನ ನೆಲದ ಮೇಲೆ ಕೂತು, ಕೈಕಾಲು ಒಟ್ಟಿಗೆ ಹಿಡಿದು, ಹಡಗಿನಲ್ಲಿ ಹೇಗೆ ತುಂಬಿದ್ದರೆಂದು ಮಾಡಿ ತೋರಿಸಿದ.

ಆ ಕೂಗಿನ ಇಂಗ್ಲಿಷ್ ಮಾತಿಗೆ ಹತ್ತಿರವಾದದ್ದು ಬೇರೊಂದು ಕಡೆ ಸಿಗುತ್ತದೆ. ಕಾಲೆ ಎಂಬ ಹುಡುಗ 1841ರ ಜನವರಿಯಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಇವರ ಪರ ವಾದಿಸಲಿದ್ದ ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್‌ಗೆ ಒಂದು ಪತ್ರ ಬರೆದ. ಇಂಗ್ಲಿಷ್ ಕಲಿತು ಒಂದು ವರ್ಷ ದಾಟಿತ್ತಷ್ಟೇ. ನಮಗೆ ಬೇಕಿರುವುದು ಒಂದೇ, ನಮ್ಮನ್ನು ಬಿಡಿಸಿ ಎಂದು ಅದರಲ್ಲಿ ಕೇಳಿದ್ದ. ಪ್ರತಿದಿನ ಯೇಲ್ ವಿದ್ಯಾರ್ಥಿಗಳು ಜೈಲಿಗೆ ಬಂದು ಪಾಠ ಹೇಳುತ್ತಿದ್ದರು. ಸಿನಿಮಾದ ಕೈದಿಗಳು ಬೈಬಲಿನ ಚಿತ್ರ ನೋಡಿ ಕಥೆ ಊಹಿಸುತ್ತಾರೆ. ನಿಜವಾದ ಕೈದಿಗಳು ಓದು ಬರಹ ಕಲಿತು ಮಾಜಿ ಅಧ್ಯಕ್ಷನಿಗೇ ಪತ್ರ ಬರೆದರು. ಈ ವ್ಯತ್ಯಾಸ ಸಣ್ಣದಲ್ಲ.

ಗೊಂಬೆ ಹಿಡಿದ ಸ್ಪೇನಿನ ರಾಣಿ? ರೈಲಿನಲ್ಲಿ ಚುನಾವಣಾ ಪ್ರಚಾರ?

ಎರಡನೇ ಇಸಬೆಲ್ಲಾ ಹುಟ್ಟಿದ್ದು 1830ರಲ್ಲಿ. ಹಾಗಾಗಿ ಗೊಂಬೆ ಸರಿ. ರಾಜ್ಯ ನಡೆಸುತ್ತಿದ್ದವರು ಮಾತ್ರ ಬೇರೆ. ರೈಲು ಪ್ರಚಾರ ತಪ್ಪು. ಆ ಕಾಲದಲ್ಲಿ ಹಾಲಿ ಅಧ್ಯಕ್ಷ ಊರೂರು ತಿರುಗಿ ಮತ ಕೇಳುವ ಪದ್ಧತಿ ಇರಲಿಲ್ಲ. ವ್ಯಾನ್ ಬ್ಯೂರೆನ್ ಸೋತದ್ದಕ್ಕೆ ಮುಖ್ಯ ಕಾರಣ 1837ರಿಂದ ಕಾಡಿದ ಆರ್ಥಿಕ ಕುಸಿತ. ಸುಪ್ರೀಂ ಕೋರ್ಟ್ ತೀರ್ಪು ಕೊಡುವಾಗ ಅವನು ಕುರ್ಚಿ ಬಿಟ್ಟು ಐದು ದಿನವಾಗಿತ್ತು.

ಆಡಮ್ಸ್‌ನ ಭಾಷಣ ಕೇಳಿ ಕಣ್ಣೀರು ಬಂತು. ಅದಾದರೂ ನಿಜವೇ?

ಆಂಟನಿ ಹಾಪ್ಕಿನ್ಸ್‌ಗೆ ಆಸ್ಕರ್ ನಾಮನಿರ್ದೇಶನ ತಂದ ಭಾಷಣ ಅದು. ಬಹುಪಾಲು ಚಿತ್ರಕಥೆಗಾರನ ಬರವಣಿಗೆ.

ಜಾನ್ ಕ್ವಿನ್ಸಿ ಆಡಮ್ಸ್‌ಗೆ ಆಗ 73 ವರ್ಷ. ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿ ಮೂವತ್ತು ವರ್ಷ ಕಳೆದಿತ್ತು, ಕಣ್ಣು ಮಂಜಾಗಿತ್ತು. ಫೆಬ್ರವರಿ 24ರಂದು ನಾಲ್ಕೂವರೆ ಗಂಟೆ ಮಾತಾಡಿದ. ಆ ರಾತ್ರಿ ನ್ಯಾಯಮೂರ್ತಿ ಬಾರ್ಬರ್ ನಿದ್ದೆಯಲ್ಲೇ ತೀರಿಕೊಂಡ. ಕೋರ್ಟಿಗೆ ರಜೆ. ಮಾರ್ಚ್ 1ರಂದು ಆಡಮ್ಸ್ ಮತ್ತೆ ನಾಲ್ಕು ಗಂಟೆ ಮಾತಾಡಿದ. ಆ ಎಂಟೂವರೆ ಗಂಟೆಯನ್ನು ಹನ್ನೊಂದು ನಿಮಿಷಕ್ಕೆ ಇಳಿಸಿದ್ದಕ್ಕೆ ಪ್ರೇಕ್ಷಕರು ಋಣಿಯಾಗಿರಬೇಕು ಬಿಡಿ.

ಸಿನಿಮಾದ ಆಡಮ್ಸ್ ಪೂರ್ವಜರನ್ನು ಕರೆಯುತ್ತಾನೆ. ಸಿಂಕೇ ಹೇಳಿಕೊಟ್ಟ ಮಾತದು. ನಿಜದಲ್ಲಿ ಸಿಂಕೇ ವಾಷಿಂಗ್ಟನ್‌ಗೆ ಬರಲೇ ಇಲ್ಲ, ಕನೆಕ್ಟಿಕಟ್ಟಿನಲ್ಲೇ ಬಂಧನದಲ್ಲಿದ್ದ. ಆಡಮ್ಸ್ 1840ರ ನವೆಂಬರ್‌ನಲ್ಲಿ ಒಮ್ಮೆ ಅಲ್ಲಿಗೆ ಹೋಗಿ ಅವರನ್ನು ನೋಡಿ ಬಂದಿದ್ದ, ಅಷ್ಟೇ. ಕೋರ್ಟಿನ ಗೋಡೆಗೆ ತೂಗುಹಾಕಿದ್ದ ಸ್ವಾತಂತ್ರ್ಯ ಘೋಷಣೆಯ ಪ್ರತಿ ತೋರಿಸಿ ಮಾತಾಡಿದ್ದು ನಿಜ. ಉಳಿದ ಹೆಚ್ಚಿನ ಹೊತ್ತು ಅವನು ಸರ್ಕಾರದ ಮಾನ ಹರಾಜು ಹಾಕಿದ. ಯಾರು ಯಾರಿಗೆ ಪತ್ರ ಬರೆದರು, ಯಾವ ಕಾಗದ ತಿದ್ದಿದರು ಎಂದು ಎಳೆ ಎಳೆಯಾಗಿ ಬಿಚ್ಚಿಟ್ಟ. ಸಿನಿಮಾಕ್ಕೆ ಒಗ್ಗುವ ಸರಕಲ್ಲ. ಆದರೆ ಕೇಸಿನ ಜೀವ ಇದ್ದದ್ದು ಆ ಕಾಗದದಲ್ಲೇ.

ಹಾಗಾದರೆ ಕೇಸು ಗೆದ್ದದ್ದು ಹೇಗೆ? ಗುಲಾಮಗಿರಿ ತಪ್ಪು ಅಂತ ಕೋರ್ಟ್ ಹೇಳಿತಾ?

ಹೇಳಲಿಲ್ಲ. ಸಿನಿಮಾ ನೋಡಿದವರು ಜಾಸ್ತಿ ತಪ್ಪು ತಿಳಿಯುವುದು ಇಲ್ಲೇ.

ಬ್ರಿಟನ್ನಿನ ಜೊತೆ 1817ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಸ್ಪೇನ್ 1820ರಿಂದ ಆಫ್ರಿಕದಿಂದ ಗುಲಾಮರನ್ನು ತರುವುದನ್ನು ನಿಷೇಧಿಸಿತ್ತು. ಕ್ಯೂಬಾದಲ್ಲಿ ಗುಲಾಮಗಿರಿ ಕಾನೂನುಬದ್ಧ, ಹೊಸಬರನ್ನು ತರುವುದು ಅಪರಾಧ. ಇದನ್ನು ತಪ್ಪಿಸಲು ಒಂದು ಸುಲಭ ದಾರಿಯಿತ್ತು. ಮೊದಲಿನಿಂದ ಕ್ಯೂಬಾದಲ್ಲೇ ಇದ್ದ ಗುಲಾಮರಿಗೆ 'ಲಡಿನೊ', ಹೊಸದಾಗಿ ಬಂದವರಿಗೆ 'ಬೊಸಾಲ್' ಎನ್ನುತ್ತಿದ್ದರು. ರೂಯಿಸ್ ತಲಾ 450 ಡಾಲರಿಗೆ ಕೊಂಡವರೆಲ್ಲ ಬೊಸಾಲ್‌ಗಳು. ಕಾಗದದಲ್ಲಿ ಎಲ್ಲರೂ ಲಡಿನೊ, ಎಲ್ಲರಿಗೂ ಸ್ಪ್ಯಾನಿಷ್ ಹೆಸರು. ಸೆಂಗ್ಬೆ ಪಿಯೆ 'ಹೋಸೆ ಸಿಂಕೆ' ಆದದ್ದು ಹೀಗೆ. ನಾಲ್ಕು ಪುಟ್ಟ ಮಕ್ಕಳೂ ಕಾಗದದಲ್ಲಿ ಹಳೆಯ ಕ್ಯೂಬಾ ನಿವಾಸಿಗಳು! ಒಂದು ಅಕ್ಷರ ಸ್ಪ್ಯಾನಿಷ್ ಬರದ ಮಕ್ಕಳು. ಇಂಥ ದಾಖಲೆಗಳನ್ನು ಸಂಸತ್ತಿಗೆ ಅಚ್ಚು ಹಾಕಿ ಕೊಡುವಾಗ 'ಲಡಿನೊ' ಎಂಬ ಪದಕ್ಕೆ 'ಆರೋಗ್ಯವಂತ ನೀಗ್ರೋಗಳು' ಎಂಬ ಅರ್ಥ ಬರುವಂತೆ ಬದಲಾಯಿಸಿದ್ದರು. ಆಡಮ್ಸ್ ಸಿಟ್ಟಾಗಿದ್ದು ಸುಮ್ನೆ ಅಲ್ಲ.

ನ್ಯಾಯಮೂರ್ತಿ ಜೋಸೆಫ್ ಸ್ಟೋರಿ ಬರೆದ ತೀರ್ಪಿನ ಸಾರ ಇಷ್ಟು: ಕಾಗದಗಳು ಮೋಸದವು, ಇವರು ಯಾರ ಆಸ್ತಿಯೂ ಅಲ್ಲ, ಅಪಹರಣವಾದ ಸ್ವತಂತ್ರ ಜನ. ಅವರಿಗೆ ದಂಗೆ ಏಳುವ ಹಕ್ಕಿತ್ತು. ಅಂದರೆ ಕಾಗದ ಸರಿಯಾಗಿದ್ದಿದ್ದರೆ? ವಾಪಸ್ ಕಳಿಸುತ್ತಿದ್ದರು.

ಊಹೆಯಲ್ಲ ಇದು. ಅದೇ ಹಡಗಿನಲ್ಲಿ ಅಂಟೋನಿಯೊ ಎಂಬ ಹುಡುಗನಿದ್ದ, ಕಪ್ತಾನನ ಗುಲಾಮ. ಅವನು ಕಾನೂನಿನ ಪ್ರಕಾರ ಸ್ಪೇನಿನವರ ಆಸ್ತಿ, ಕ್ಯೂಬಾಕ್ಕೆ ಹೋಗಬೇಕು ಎಂದು ಜಡ್ಸನ್ ಆದೇಶ ಮಾಡಿದ್ದ. ಒಂದೇ ಹಡಗು, ಒಂದೇ ಕೋರ್ಟು. 36 ಜನರಿಗೆ ಬಿಡುಗಡೆ, ಒಬ್ಬನಿಗೆ ಇಲ್ಲ. ಅಂಟೋನಿಯೊ ಕಾಯಲಿಲ್ಲ. ಗುಲಾಮಗಿರಿ ವಿರೋಧಿಗಳ ಗುಟ್ಟಿನ ಜಾಲದ ನೆರವಿನಿಂದ ಕೆನಡಾದ ಮಾಂಟ್ರಿಯಲ್‌ಗೆ ಪಾರಾದ. ಸಿನಿಮಾದಲ್ಲಿ ಈ ಕಥೆಗೆ ಜಾಗವಿಲ್ಲ. ಇದ್ದಿದ್ದರೆ ಆ ಭವ್ಯ ಭಾಷಣ ಸ್ವಲ್ಪ ಪೇಲವವಾಗುತ್ತಿತ್ತೇನೋ.

ಇನ್ನೊಂದು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಏಳು ಜನ ದಕ್ಷಿಣದ ಗುಲಾಮರ ಒಡೆಯರು ಎನ್ನುತ್ತದೆ ಸಿನಿಮಾ. ದಕ್ಷಿಣದವರು ಐವರು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವನು ರೋಜರ್ ಟಾನಿ. ಅಮಿಸ್ಟಾಡ್ ತೀರ್ಪಿಗೆ ತಲೆಯಾಡಿಸಿದ ಅವನೇ 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ, ಕಪ್ಪು ಜನರು ಅಮೆರಿಕದ ಪ್ರಜೆಗಳೇ ಆಗಲಾರರು ಎಂದು ಬರೆದ.

ಬಿಡುಗಡೆಯಾದ ಕೂಡಲೇ ಊರಿಗೆ ಹೋದರಾ?

ಸಿನಿಮಾದಲ್ಲಿ ಹಾಗೆ ಕಾಣುತ್ತದೆ. ನಿಜದಲ್ಲಿ ಎಂಟು ತಿಂಗಳು ಕಾದರು. ಇವರನ್ನು ಆಫ್ರಿಕಕ್ಕೆ ತಲುಪಿಸುವುದು ಸರ್ಕಾರದ ಹೊಣೆ ಎಂದು ಜಡ್ಸನ್ ಹೇಳಿದ್ದ. ಸುಪ್ರೀಂ ಕೋರ್ಟ್ ಆ ಭಾಗವನ್ನು ತೆಗೆದುಹಾಕಿತು. ಸ್ವತಂತ್ರರು ನೀವು, ಹೋಗಿ, ಟಿಕೆಟ್ ಮಾತ್ರ ನೀವೇ ತೆಗೆಸಿಕೊಳ್ಳಿ ಅಂದ ಹಾಗಾಯಿತು.

ಫಾರ್ಮಿಂಗ್ಟನ್ ಎಂಬ ಊರಿನಲ್ಲಿ ಉಳಿದು, ಗದ್ದೆ ಗೆಯ್ದು, ಊರೂರು ಸಭೆಗಳಲ್ಲಿ ಹಾಡಿ, ಇಂಗ್ಲಿಷ್ ಓದಿ ತೋರಿಸಿ ದುಡ್ಡು ಕೂಡಿಸಿದರು. ಜೈಲಿನಲ್ಲಿದ್ದಾಗಲೂ ಜನ ಹನ್ನೆರಡೂವರೆ ಸೆಂಟ್ ಕೊಟ್ಟು ಇವರನ್ನು ನೋಡಲು ಬರುತ್ತಿದ್ದರು, ಆ ಕಾಸು ಜೈಲರನ ಜೇಬಿಗೆ. ಆಗಸ್ಟ್‌ನಲ್ಲಿ ಫೂನೆ ಎಂಬವನು ನೀರಿಗೆ ಬಿದ್ದು ಸತ್ತ. ಈಜು ಬಲ್ಲವನು. ಊರಿನ ನೆನಪಲ್ಲಿ ಕೊರಗಿ ತಾನೇ ಪ್ರಾಣ ಬಿಟ್ಟ ಎಂದು ಜೊತೆಯವರಿಗೆ ಅನ್ನಿಸಿತ್ತು. ನವೆಂಬರ್ ಕೊನೆಗೆ 35 ಜನ, ಐವರು ಮಿಷನರಿಗಳ ಜೊತೆ 'ಜೆಂಟಲ್‌ಮನ್' ಎಂಬ ಹಡಗು ಹತ್ತಿ, 1842ರ ಜನವರಿಯಲ್ಲಿ ಫ್ರೀಟೌನ್ ಮುಟ್ಟಿದರು.

ಸಿಂಕೇ ಆಮೇಲೆ ತಾನೇ ಗುಲಾಮರ ವ್ಯಾಪಾರಿಯಾದ ಅಂತಾರಲ್ಲ?

ಇದಕ್ಕೆ ಒಂದೇ ಒಂದು ದಾಖಲೆ ಇಲ್ಲ. 1953ರ ಒಂದು ಕಾದಂಬರಿಯಿಂದ ಹಬ್ಬಿ, ಪಠ್ಯಪುಸ್ತಕಗಳಿಗೂ ಹತ್ತಿದ ಮಾತಿದು. ಇತಿಹಾಸಕಾರ ಹೊವರ್ಡ್ ಜೋನ್ಸ್ ಎಳೆ ಹಿಡಿದು ಹುಡುಕಿ, ಇದಕ್ಕೆ ಬುಡವೇ ಇಲ್ಲವೆಂದು ತೋರಿಸಿದ. ಮೊಬೈಲಿನಲ್ಲಿ ಈಗಲೂ ಓಡಾಡುತ್ತಿದೆ. ಸಿಯೆರಾ ಲಿಯೋನ್ ತನ್ನ 5000 ಲಿಯೋನ್ ನೋಟಿನ ಮೇಲೆ ಸೆಂಗ್ಬೆ ಪಿಯೆಯ ಮುಖ ಅಚ್ಚು ಹಾಕಿತು.

ಆಫ್ರಿಕದವರೇ ಆಫ್ರಿಕದವರನ್ನು ಮಾರಿದರು. ಸಿನಿಮಾ ಅದನ್ನು ಮುಚ್ಚಿಟ್ಟಿದೆಯೇ?

ಇಲ್ಲ, ಹಿಡಿಯುವವರನ್ನು ತೋರಿಸಿದೆ. ಸಿಂಕೇ ಭತ್ತ ಬೆಳೆಯುವ ರೈತ. ದಾರಿಯಲ್ಲಿ ಹೋಗುವಾಗ ನಾಲ್ವರು ಹಿಡಿದು, ಬಲಗೈಯನ್ನು ಕೊರಳಿಗೆ ಕಟ್ಟಿ ಎಳೆದೊಯ್ದರು. ಅವನ ಜೊತೆಗಾರರಲ್ಲಿ ಸಾಲಕ್ಕೆ ಮಾರಾಟವಾದವರಿದ್ದರು, ಯುದ್ಧದಲ್ಲಿ ಸೆರೆ ಸಿಕ್ಕವರಿದ್ದರು. ಆದರೆ ಈ ಪ್ರಶ್ನೆ ಕೇಳುವವರು ಎಷ್ಟೋ ಸಲ ಕೊಂಡವರನ್ನು ಬಿಟ್ಟುಬಿಡಲು ಕೇಳುತ್ತಾರೆ. ಕೊಳ್ಳುವ ಹಡಗು ತೀರದಲ್ಲಿ ನಿಂತಿದ್ದರಿಂದಲೇ ದಾರಿಯಲ್ಲಿ ಹೋಗುವವನಿಗೆ ಬೆಲೆ ಬಂದದ್ದು. (ಸಿಂಹ ಕೊಂದ ಕಥೆ ಸಿನಿಮಾದ್ದು.)

ನಮ್ಮ ಉತ್ತರ ಕನ್ನಡದ ಸಿದ್ದಿಗಳಿಗೂ ಈ ಕಥೆಗೂ ಸಂಬಂಧ ಇದೆಯಾ?

ನೇರ ಸಂಬಂಧ ಇಲ್ಲ. ಅದು ಇನ್ನೊಂದು ಸಾಗರದ ಕಥೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳ ಹಿರಿಯರಲ್ಲಿ ಹೆಚ್ಚಿನವರು ಆಫ್ರಿಕದ ಪೂರ್ವ ತೀರದಿಂದ, ಪೋರ್ಚುಗೀಸರ ಕಾಲದಲ್ಲಿ ಗೋವಾ ಮೂಲಕ ಬಂದವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೂ ಇದ್ದರು. ಅವರ ಡಮಾಮಿ ಕುಣಿತ ನೋಡಿ ಚಪ್ಪಾಳೆ ತಟ್ಟುತ್ತೇವೆ, ಆ ಕುಣಿತ ಯಾವ ಹಡಗಿನಲ್ಲಿ ಬಂತೆಂದು ಕೇಳುವವರು ಕಡಿಮೆ. ಇನ್ನು ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿಗೆ ಕೋರ್ಟು ಮಾನ್ಯತೆ ಕೊಡಬಾರದೆಂಬ ಕಾಯಿದೆ ಬಂದದ್ದು 1843ರಲ್ಲಿ, ಅಮಿಸ್ಟಾಡ್ ತೀರ್ಪಿನ ಎರಡು ವರ್ಷದ ನಂತರ.

ಮಕ್ಕಳಿಗೆ ತೋರಿಸಬಹುದಾ?

ಹೈಸ್ಕೂಲು ಮುಗಿಸಿದವರಿಗೆ ತೋರಿಸಿ. ಚಿಕ್ಕವರಿಗೆ ಬೇಡ, ಟೆಕೋರಾದ ದೃಶ್ಯಗಳು ದೊಡ್ಡವರನ್ನೇ ಅಲ್ಲಾಡಿಸುತ್ತವೆ.

ಇದೇ ಘಟನೆಯ ಮೇಲೆ ಇನ್ನೊಂದು ಸಿನಿಮಾ ಬಂದರೆ ಯಾರ ಕಥೆ ನೋಡಲು ಇಷ್ಟ?

ಅಂದಹಾಗೆ ಸ್ಪೀಲ್‌ಬರ್ಗ್ ಮೊದಲಿಗನೂ ಅಲ್ಲ. ಹಡಗು ಸಿಕ್ಕ ಒಂದೇ ವಾರಕ್ಕೆ, 1839ರ ಸೆಪ್ಟೆಂಬರ್ 2ರಂದು, ನ್ಯೂಯಾರ್ಕಿನ ಬೋವರಿ ರಂಗಮಂದಿರದಲ್ಲಿ ಇದೇ ಕಥೆಯ ನಾಟಕ ಶುರುವಾಗಿತ್ತು. ಕೈದಿಗಳು ಒಳಗೆ, ಅವರ ವೇಷ ಹಾಕಿದವರು ರಂಗದ ಮೇಲೆ.

ನನಗೆ ಮಾರ್ಗ್ರುವಿನ ಕಥೆ ಬೇಕು. ಮೋಂತೆಸ್ ಕೊಂಡಿದ್ದ ಮೂವರು ಹುಡುಗಿಯರಲ್ಲಿ ಒಬ್ಬಳು. ಸಾಲಕ್ಕೆ ಒತ್ತೆಯಿಟ್ಟಿದ್ದ ಮಗು, ಸಾಲ ತೀರದೆ ಕೈಬದಲಾಗಿ ಹಡಗು ಸೇರಿದವಳು. ತೆರೆಯ ಮೇಲೆ ಆ ಹುಡುಗಿಯರು ಹಿನ್ನೆಲೆಯಲ್ಲಿ ನಿಂತಿರುತ್ತಾರೆ, ಒಂದು ಮಾತಿಲ್ಲ. ನಿಜವಾದ ಮಾರ್ಗ್ರು ಊರಿಗೆ ಹೋದ ನಾಲ್ಕು ವರ್ಷಕ್ಕೆ ತಾನಾಗಿಯೇ ಮತ್ತೆ ಅಟ್ಲಾಂಟಿಕ್ ದಾಟಿದಳು. ಈ ಸಲ ಓದಲು. ಕಪ್ಪು ಜನರಿಗೂ ಹೆಂಗಸರಿಗೂ ಬಾಗಿಲು ತೆರೆದಿದ್ದ ಒಹಾಯೊದ ಓಬರ್ಲಿನ್‌ನಲ್ಲಿ ಕಲಿತು, 1849ರಲ್ಲಿ ಸಿಯೆರಾ ಲಿಯೋನ್‌ಗೆ ಮರಳಿ, ಮೆಂಡೆ ಮಕ್ಕಳಿಗೆ ಪಾಠ ಹೇಳತೊಡಗಿದಳು.